ಮನೆಗೆ ಟಿಕಳಿ ಹಚ್ಚುವ ಇಂಜಿನಿಯರ್

"ಏನ್ರಿ ಸಾಹೇಬ್ರ, ಮನೀಗೆ ಟಿಕಳಿ ಹಚ್ಚಾಕತ್ತೀರೇನು?" ಸೊಲ್ಲಾಪುರ ರಸ್ತೆ ಕಡೆಯ ಒಂದು ಮನೆಯ ಬಿರುಕಿನ ಮೇಲೆ ಗಾಜಿನ ತುಂಡು ಅಂಟಿಸುತ್ತಿದ್ದೆ. ಪಕ್ಕದ ಮನೆ ಅಜ್ಜ ಕಟ್ಟೆ ಮೇಲೆ ಕೂತು ಕೇಳಿದ ಮಾತಿದು. ಟಿಕಳಿ ಅಂದರೆ ಹಣೆಗೆ ಇಡುವ ಬೊಟ್ಟು. ಆಮೇಲೆ ವಿಜಯಪುರದಲ್ಲಿ ನನ್ನಂತೆ ಮನೆಗಳಿಗೆ ಬೆಲೆ ಕಟ್ಟುವ ವ್ಯಾಲ್ಯುಯೇಶನ್ ಮಂದಿಯೆಲ್ಲ ನನ್ನನ್ನು ಟಿಕಳಿ ಇಂಜಿನಿಯರ್ ಅಂತಲೇ ಕರೆದರು. ಈ ಕೆಲಸ ಶುರು ಮಾಡಿದಾಗಿನಿಂದ ಒಟ್ಟು ಮೂರು ವರ್ಷ ನಕ್ಕರು. ಕಳೆದ ದೀಪಾವಳಿ ಆದ ಮೇಲೆ ಅವರಲ್ಲೇ ಇಬ್ಬರು ಫೋನ್ ಮಾಡಿ, ಗಾಜು ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮಾಡುವುದು ಇಷ್ಟೇ. ಎರೆ ನೆಲದ ಮೇಲಿನ ಮನೆಯಲ್ಲಿ ಬಿರುಕು ಕಂಡರೆ ಒಂದೇ ಸಲ ನೋಡಿ ವರದಿ ಬರೆಯುವುದಿಲ್ಲ. ರೋಹಿಣಿ ಮಳೆಗೆ ಮುಂಚೆ ಒಮ್ಮೆ ಹೋಗುತ್ತೇನೆ, ಹಸ್ತ ಮಳೆ ಮುಗಿದ ಮೇಲೆ ಇನ್ನೊಮ್ಮೆ. ಮೊದಲ ಸಲ ಬಿರುಕಿಗೆ ಅಡ್ಡವಾಗಿ ಗಾಜು ಅಂಟಿಸಿರುತ್ತೇನೆ, ನಡುವೆ ಗೋಡೆ ಕದಲಿದರೆ ಅದು ಒಡೆಯುತ್ತದೆ. ಮೇ ತಿಂಗಳಲ್ಲಿ ಹೊಲದ ಬಿರುಕಿಗೆ ಕೈ ಇಳಿಯುತ್ತದೆ. ಅಕ್ಟೋಬರ್‌ನಲ್ಲಿ ಅದೇ ನೆಲ ಉಬ್ಬಿ ಕೂಡಿರುತ್ತದೆ. ಪಾಯದ ಕೆಳಗೂ ಅದೇ ಮಣ್ಣು ಅಲ್ವಾ? "ಬ್ಯಾಂಕಿನವರು ಮೂರು ದಿನದಲ್ಲಿ ವರದಿ ಕೇಳ್ತಾರ, ನೀ ಐದು ತಿಂಗಳು ಅಂತಿ" ಎಂದು ಗೆಳೆಯರು ಬೈದರು. ಅದು ಖರೆ. ಬ್ಯಾಂಕಿನ ಕೆಲಸಕ್ಕೆ ಇದು ನಡೆಯುವುದಿಲ್ಲ. ಸಂಚಕಾರ (ಮುಂಗಡ ಹಣ) ಕೊಟ್ಟು ಕಾಯಲು ತಯಾರಿರುವ ಖರೀದಿದಾರನಿಗೆ ಮಾತ್ರ.

2022ರಲ್ಲಿ ಶುರು ಮಾಡಿದಾಗ ಗಾಜು ಇರಲಿಲ್ಲ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಕಲಸಿ ಬಿರುಕಿನ ಮೇಲೆ ಮೆತ್ತಿ, ಪೆನ್ಸಿಲ್‌ನಿಂದ ತಾರೀಖು ಬರೆಯುತ್ತಿದ್ದೆ. ನಮ್ಮ ಬಿಸಿಲಿಗೆ ಪಿಒಪಿ ತಾನೇ ಸೀಳಿತು. ಗೋಡೆ ಕದಲಿತೋ ಪಿಒಪಿ ಒಣಗಿತೋ ಗೊತ್ತಾಗಲಿಲ್ಲ. ಆಮೇಲೆ ಲ್ಯಾಬಿನವರು ಬಳಸುವ ಗಾಜಿನ ಸ್ಲೈಡ್ ತಂದೆ. ಐವತ್ತರ ಡಬ್ಬಿಗೆ ಸುಮಾರು 150 ರೂಪಾಯಿ. ಅದನ್ನೂ ಬಣ್ಣದ ಮೇಲೇ ಅಂಟಿಸಿದೆ. ಗೋಡೆ ಕದಲಿದರೂ ಗಾಜು ಒಡೆಯಲಿಲ್ಲ, ಬಣ್ಣದ ಪದರೇ ಕಿತ್ತು ಬಂತು. ಈಗ ಬಣ್ಣ, ಗಿಲಾವು (ಗೋಡೆಯ ಪ್ಲಾಸ್ಟರ್) ಎರಡನ್ನೂ ಕೆರೆದು, ಇಟ್ಟಿಗೆಗೇ ಎಪಾಕ್ಸಿ ಅಂಟು ಹಾಕಿ ಅಂಟಿಸುತ್ತೇನೆ. ಪಡುವಣ ಗೋಡೆಯ ಗಾಜನ್ನು ಮಾತ್ರ ಅಷ್ಟು ನಂಬಬೇಡಿ. ಮಧ್ಯಾಹ್ನದ ಕಾವಿಗೇ ಒಡೆಯುತ್ತದೆ.

ಗೋಡೆ ಕದಲಿದೆಯೋ ಇಲ್ಲವೋ ಎಂದಷ್ಟೇ ಗಾಜು ಹೇಳುತ್ತದೆ. ಎಷ್ಟು ಎಂದು ತಿಳಿಯಲು ಬಿರುಕಿನ ಆಚೆ ಈಚೆ ಸೇರಿ ಮೂರು ಹಿತ್ತಾಳೆ ಸ್ಕ್ರೂ ಬೇಕು, ತ್ರಿಕೋನದಲ್ಲಿ. ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯುವುದು. ಮೊದಲು ಕಬ್ಬಿಣದ ಮೊಳೆ ಹೊಡೆದಿದ್ದೆ, ಮಳೆಗಾಲದಲ್ಲಿ ತುಕ್ಕು ಹಿಡಿದು ಅಳತೆ ಹಾಳಾಯಿತು. ಎರಡೂ ಸಲ ಬೆಳಿಗ್ಗೆ ಏಳಕ್ಕೇ ಅಳೆಯಬೇಕು. ಮಟ್ಟ ನೋಡಲು ಗೌಂಡಿಯ ನೀರಿನ ಪೈಪೇ ಸಾಕು. ಗುಳ್ಳೆ ಮಾತ್ರ ಇರಬಾರದು. ಇಲ್ಲೂ ಒಮ್ಮೆ ಮರ್ಯಾದೆ ಹೋಗಿದೆ. ಒಂದು ಮನೆಯ ನೆಲದ ಮಟ್ಟ ಹಿಡಿದು, ಹಾಲ್ ಒಂದು ಕಡೆ 15 ಮಿ.ಮೀ. ಕುಸಿದಿದೆ ಎಂದು ಬರೆದುಬಿಟ್ಟೆ. ಮನೆಯೊಡತಿ ನಕ್ಕು, "ನೆಲ ತೊಳದ ನೀರು ಹೋಗ್ಲಿ ಅಂತ ನಾನs ಇಳಿಜಾರು ಹಾಕ್ಸೀನ್ರಿ" ಎಂದರು. ಅಂದಿನಿಂದ ನೆಲ ಬಿಟ್ಟೆ. ಪ್ಲಿಂತ್ (ಪಾಯದ ಕಟ್ಟೆ) ಮೇಲಿನ ಇಟ್ಟಿಗೆ ವರಿಯನ್ನೇ ಹಿಡಿಯುತ್ತೇನೆ.

ಇನ್ನು ರೊಕ್ಕ. ಆಗ ಒಂದು ವರದಿಗೆ 3,500 ಸಿಗುತ್ತಿತ್ತು. ಎರಡು ಸಲ ಓಡಾಟ, ಹುಡುಗನ ಕೂಲಿ, ಪೆಟ್ರೋಲ್ ಸೇರಿಸಿದರೆ ಖರ್ಚೇ ಹತ್ತಿರ ಹತ್ತಿರ ಐದು ಸಾವಿರ. ಮೊದಲ ವರ್ಷ ಹೆಚ್ಚೂ ಕಡಿಮೆ ಮೂವತ್ತು ಸಾವಿರ ಕೈಯಿಂದ ಹೋಯಿತು. ಈಗ 12,000 ತೆಗೆದುಕೊಳ್ಳುತ್ತೇನೆ. ಅರ್ಧ ಮೇನಲ್ಲಿ, ಅರ್ಧ ಅಕ್ಟೋಬರ್‌ನಲ್ಲಿ. ಅಕ್ಟೋಬರ್‌ನ ಅರ್ಧ ಎಲ್ಲರೂ ಕೊಡುತ್ತಾರೆ ಎಂದುಕೊಳ್ಳಬೇಡಿ.

ದೊಡ್ಡ ಪೆಟ್ಟು ಬಿದ್ದದ್ದು ಬರದಿಂದ. 2023ರಲ್ಲಿ ಒಂದು ಮನೆಗೆ ಮೇನಲ್ಲಿ ಗಾಜು ಹಚ್ಚಿದ್ದೆ. ಅಕ್ಟೋಬರ್‌ನಲ್ಲಿ ನೋಡಿದರೆ ಒಂದೂ ಒಡೆದಿರಲಿಲ್ಲ. ಗಟ್ಟಿ ಮನೆ, ಖುಷಿಯಿಂದ ತಗೊಳ್ಳಿ ಎಂದು ಬರೆದುಕೊಟ್ಟೆ. ಆ ವರ್ಷ ಮಳೆಯೇ ಆಗಿಲ್ಲ, ಮಣ್ಣು ಉಬ್ಬುವುದಾದರೂ ಹೇಗೆ? 2024ರ ಮಳೆಗೆ ಎಲ್ಲ ಗಾಜೂ ಒಡೆದವು. ಆ ಮನೆಯವರು ಅಂದದ್ದನ್ನು ಇಲ್ಲಿ ಬರೆಯಲಾರೆ. ಫೀಸು ವಾಪಸ್ ಕೊಟ್ಟೆ, ಒಂದು ಗೋಡೆಯ ಗಿಲಾವನ್ನೂ ಮಾಡಿಸಿಕೊಟ್ಟೆ. ಈಗ ವರದಿಯ ಮೊದಲ ಸಾಲಿನಲ್ಲೇ ಆ ವರ್ಷದ ಮಳೆ ಲೆಕ್ಕ ಇರುತ್ತದೆ. ಮಳೆ ಕೈಕೊಟ್ಟರೆ ತೀರ್ಪು ಇಲ್ಲ, ಇನ್ನೊಂದು ವರ್ಷ.

ಆ ಬೈಗುಳ ತಿನ್ನುತ್ತಿದ್ದಾಗಲೇ ಸೊಲ್ಲಾಪುರ ರಸ್ತೆಯ ಕೆಲಸವೂ ನಡೆದಿತ್ತು. 30×40 ಜಾಗ, ಮೇಲೊಂದು ಮಹಡಿ, ಕೇಳಿದ ಬೆಲೆ 62 ಲಕ್ಷ. ಕೊಳ್ಳುವವರು ಸಾಲಿ ಮಾಸ್ತರರು. ಬೇರೊಬ್ಬರು ಒಂದು ದಿನ ನೋಡಿ, ಪಾಯ ಕೂತಿದೆ, 45 ಲಕ್ಷದ ಮೇಲೆ ಬೇಡ ಎಂದಿದ್ದರು. ಮೇನಲ್ಲಿ ನಾನು ಅಳೆದಾಗ ಬಿರುಕು 4 ಮಿ.ಮೀ., ಮೇಲೆ ಅಗಲ, ಕೆಳಗೆ ಸಣ್ಣ. ನೀರಿನ ಪೈಪ್ ಹಿಡಿದರೆ ಮೂರು ಮೂಲೆಗಳು ಬಚ್ಚಲು ಮೂಲೆಗಿಂತ 8-9 ಮಿ.ಮೀ. ಕೆಳಗಿದ್ದವು. ಎಲ್ಲ ಕಡೆ ಒಣಗಿ ಇಳಿಯುವ ಕಾಲದಲ್ಲಿ ಒಂದೇ ಮೂಲೆ ಎದ್ದು ನಿಂತಿದೆ ಎಂದರೆ ಕೆಳಗೆ ನೀರಿದೆ. "ಸರ್, ಹಸ್ತ ಮಳೆ ತನಕ ತಡೀರಿ" ಎಂದೆ. ಮಾಸ್ತರರು ಎರಡು ಲಕ್ಷ ಸಂಚಕಾರ ಕೊಟ್ಟು ಕಾದರು. ಮಾರುವವರು ನನ್ನ ಫೋನ್ ಎತ್ತುವುದನ್ನೇ ಬಿಟ್ಟರು.

ಅಕ್ಟೋಬರ್‌ನಲ್ಲಿ ಬಿರುಕು ಒಂದು ಮಿ.ಮೀ.ಗೆ ಬಂದಿತ್ತು. ಮೂಲೆಗಳ ಅಂತರ ಮೂರಕ್ಕೆ ಇಳಿದಿತ್ತು. ಮನೆ ಕುಸಿಯುತ್ತಿರಲಿಲ್ಲ, ಮಣ್ಣಿನ ಜೊತೆ ಏರಿಳಿಯುತ್ತಿತ್ತು. ಬಚ್ಚಲು ಅಗೆಸಿದಾಗ ಪೈಪಿನ ಜೋಡಣೆ ಬಾಯಿ ಬಿಟ್ಟಿತ್ತು. 57 ಲಕ್ಷ ಚಿಲ್ಲರೆಗೆ ವ್ಯವಹಾರ ಮುಗಿಯಿತು. ಪೈಪ್ ಬದಲಿಸಿ, ಮನೆ ಸುತ್ತ ಐದು ಅಡಿ ಗರಸು ತುಂಬಿ ಕಾಂಕ್ರೀಟ್ ಹಾಸಿದ್ದಕ್ಕೆ ಪೌಣೆ ಎರಡು ಲಕ್ಷ. ಆಮೇಲೆ ಹೊಸದಾಗಿ 11 ಗಾಜು ಹಚ್ಚಿದೆ. 2025ರ ಮಳೆಗಾಲ ದಾಟಿ ಹತ್ತು ಉಳಿದಿವೆ. ಒಡೆದದ್ದು ಪಡುವಣ ಗೋಡೆಯದು. ಯಾವ ಬಿರುಕಿಗೆ ಗಾಜು, ಯಾವುದನ್ನು ಸುಮ್ನೆ ಬಿಡಬೇಕು ಎಂದು ಆರಿಸುವುದರಲ್ಲೇ ಅರ್ಧ ಕೆಲಸವಿದೆ. ಅದನ್ನು ಇಲ್ಲಿ ಹೇಳುವುದಿಲ್ಲ, ಹೊಟ್ಟೆಪಾಡು.

ಗಾಜು ಹಚ್ಚುವ ಮೊದಲು ಕಾಗದ ನೋಡುವುದನ್ನೂ ಏಟು ತಿಂದೇ ಕಲಿತೆ. ನಮ್ಮ ಊರಲ್ಲಿ ಸ್ಮಾರಕದ ಮಗ್ಗುಲಿಗೇ ಮನೆಗಳಿವೆ. ಸಂರಕ್ಷಿತ ಗಡಿಯಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆ 200 ಮೀಟರ್‌ಗೆ ಅನುಮತಿ ಬೇಕು. ಟೇಪು ಹಿಡಿಯುವುದು ಗುಮ್ಮಟದ ಗೋಡೆಯಿಂದಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ನಾನು ಒಮ್ಮೆ ಗೋಡೆಯಿಂದ ಹಿಡಿದು ಆಚೆ ಇದೆ ಎಂದುಕೊಂಡಿದ್ದೆ. ಒಳಗಿನ ಹಳೇ ಮನೆಯ ದುರಸ್ತಿಗೂ ಅರ್ಜಿ ಹಾಕಬೇಕು, ಅದೂ 16 ಜೂನ್ 1992ಕ್ಕೆ ಮುಂಚಿನದೋ ಅಥವಾ ಅನುಮತಿ ಪಡೆದು ಕಟ್ಟಿದ್ದೋ ಆಗಿದ್ದರೆ. ಕೆಡವಿ ಕಟ್ಟಬಹುದು ಎಂಬ ಲೆಕ್ಕದಲ್ಲಿ ಅಲ್ಲಿನ ಜಾಗಕ್ಕೆ ಬೆಲೆ ಹಾಕಿದರೆ ಮುಳುಗಿದಿರಿ.

ಬೆಳಗಾವಿಯ ಗೆಳೆಯನೊಬ್ಬ ಕ್ಯಾಂಪಿನ ಹಳೇ ಬಂಗಲೆಗೆ ಗಾಜು ಹಚ್ಚಲು ಕರೆದ. ಮೊದಲು ಕಂಟೋನ್ಮೆಂಟಿನ (ಸೇನಾ ಪ್ರದೇಶದ) ಜಮೀನು ರಿಜಿಸ್ಟರ್ ಉತಾರ ತೆಗೆಸು ಎಂದೆ. ಅದರಲ್ಲಿ ಓಲ್ಡ್ ಗ್ರ್ಯಾಂಟ್ ಎಂದಿತ್ತು. ನೆಲ ಸರ್ಕಾರದ್ದು, ಮನೆಯವರದ್ದು ಕಟ್ಟಡ ಮಾತ್ರ. ಜಾಗ ಸೇರಿಸಿ ಅವನು ಹಾಕಿದ್ದ ಬೆಲೆ ಕೇಳಿ ನನಗೇ ನಗು ಬಂತು. ನಗರಾಭಿವೃದ್ಧಿ ಪ್ರಾಧಿಕಾರದ ಲೀಸ್ ಕಮ್ ಸೇಲ್ (ಮೊದಲು ಗುತ್ತಿಗೆ, ಆಮೇಲೆ ಮಾರಾಟ) ಸೈಟಿನಲ್ಲೂ ಹೀಗೆಯೇ. ಕೊನೆಯ ಕ್ರಯಪತ್ರ ಕೈಗೆ ಬಂದಿದೆಯೋ ಇಲ್ಲವೋ ನೋಡದೆ ನಾನು ಈಗ ಟೇಪು ಬಿಚ್ಚುವುದಿಲ್ಲ.

ಈ ಬೇಸಿಗೆಯಲ್ಲಿ ಇನ್ನೊಂದು ಪ್ರಯೋಗ ಮಾಡಿದೆ, ನನ್ನ ಮನೆಯಲ್ಲೇ. ಮಣ್ಣು ಒಣಗದಂತೆ ಪಾಯದ ಸುತ್ತ ಹನಿ ನೀರಾವರಿ ಪೈಪ್ ಎಳೆದೆ. ಬಿರುಕು ಅರ್ಧಕ್ಕರ್ಧ ಕಡಿಮೆ ಬಾಯಿಬಿಟ್ಟಿತು. ಆದರೆ ವಾರಕ್ಕೊಂದು ಟ್ಯಾಂಕರ್ ನೀರು ಮಣ್ಣಿಗೆ ಹೋಗುತ್ತಿತ್ತು. ಮೂರನೇ ಟ್ಯಾಂಕರ್ ಬಂದ ದಿನ ಮನೆಯವಳು ಪೈಪ್ ಕಿತ್ತು ತೆಂಗಿನ ಗಿಡಕ್ಕೆ ಹಾಕಿದಳು.