ಮಂಗಳನ ಮೇಲೂ ಘಟ್ಟ ಹುಡುಕಿ: ಗ್ರಹ, ಚಂದ್ರರ ನೆಲದಿಂದ ಆಟದ ನಕ್ಷೆ ಮಾಡುವುದು ಹೇಗೆ?

ಶಿರಸಿಯಿಂದ ಕುಮಟಾಕ್ಕೆ ಬಸ್ಸಿನಲ್ಲಿ ಹೋದವರಿಗೆ ಇದು ಗೊತ್ತು. ಊರು ಬಿಟ್ಟ ಮೇಲೆ ತುಂಬಾ ಹೊತ್ತು ದಾರಿ ಸಲೀಸು. ದೇವಿಮನೆ ಘಟ್ಟ ಶುರುವಾದ ಕೂಡಲೇ ಗೇರ್ ಬದಲಾಗುತ್ತದೆ, ತಿರುವಿನ ಮೇಲೆ ತಿರುವು, ಕಿಟಕಿ ಪಕ್ಕ ಕೂತ ಮಕ್ಕಳಿಗೆ ವಾಂತಿ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಹಾಗಂತ ಶಿರಸಿ ಪೇಟೆಯಲ್ಲಿ ಓಡಾಡೋದು ಕಷ್ಟವೇನಲ್ಲ. ಕಾಲು ಸೋಲುವುದು ಏರಿನಲ್ಲಿ.

ಬೇರೆ ಗ್ರಹದ ನೆಲದ ಮೇಲೆ ಸೈನ್ಯ ನಡೆಸುವ, ನೆಲೆ ಕಟ್ಟುವ ಆಟಕ್ಕೆ ನಕ್ಷೆ ಮಾಡುವವರು ಮೊದಲು ಇದನ್ನೇ ನೆನಪಿಡಬೇಕು. ನನಗೆ ಗೊತ್ತಾಗಿದ್ದು ತಪ್ಪು ಮಾಡಿದ ಮೇಲೆ. ಮಂಗಳನ ಮೇಲೆ ಒಲಿಂಪಸ್ ಮಾನ್ಸ್ ಅಂತ ಜ್ವಾಲಾಮುಖಿ ಇದೆ, ಸುಮಾರು 22 ಕಿ.ಮೀ. ಎತ್ತರ. ಅಷ್ಟು ಎತ್ತರ ಅಂದ ಮೇಲೆ ಹತ್ತೋದು ಕಷ್ಟವೇ ಅಲ್ವಾ ಅಂತ ಇಡೀ ಬೆಟ್ಟಕ್ಕೆ ಕೆಂಪು ಬಣ್ಣ ಬಳಿದು, ನಕ್ಷೆಯ ಒಂದೊಂದು ಮನೆ ದಾಟಲೂ ಐದು ನಡೆ ಬೇಕು ಅಂತ ಇಟ್ಟೆ. ಯಾರೂ ಆ ಕಡೆ ತಿರುಗಲಿಲ್ಲ. ರಜೆಗೆ ಬಂದ ಅಣ್ಣನ ಮಗ, “ಚಿಕ್ಕಪ್ಪಾ, ಇದ್ರ ಮೇಲೆ ಹತ್ತಿ ಎಂತ ಮಾಡೂದು?” ಅಂತ ಕೇಳಿದ. ಆಮೇಲೆ ಲೆಕ್ಕ ಹಾಕಿದೆ. ಆ ಬೆಟ್ಟದ ಅಗಲ ಸುಮಾರು 600 ಕಿ.ಮೀ. ಅಂದರೆ 300 ಕಿ.ಮೀ. ನಡೆದು 22 ಕಿ.ಮೀ. ಏರುವುದು. ನೂರು ಹೆಜ್ಜೆಗೆ ಏಳು ಹೆಜ್ಜೆ ಏರು, ಅಷ್ಟೇ. ನಿಜವಾದ ತೊಂದರೆ ಬುಡದ ಸುತ್ತ ಇರುವ ಕಡಿದಾದ ದರೆಯಲ್ಲಿ. ಕೆಲವು ಕಡೆ ಅದು ಹಲವು ಕಿ.ಮೀ. ಎತ್ತರ ಇದೆ. ಅದನ್ನು ಹತ್ತುವ ದಾರಿ ಸಿಕ್ಕರೆ ಮುಂದೆ ಸಲೀಸು. ಘಟ್ಟ ಹತ್ತಿ ಶಿರಸಿ ಕಡೆ ಹೊರಟ ಹಾಗೆ.

ಈಗ ಕೆಲಸಕ್ಕೆ ಬರೋಣ. ಇಡೀ ಗ್ರಹ ತೆಗೆದುಕೊಳ್ಳಬೇಡಿ, ಒಂದು ತುಂಡು ಸಾಕು. ಉರುಟು ಗೋಲವನ್ನು ಚಪ್ಪಟೆ ಹಾಳೆಗೆ ತಂದರೆ ಧ್ರುವದ ಕಡೆ ಎಲ್ಲ ಹಿಗ್ಗುತ್ತದೆ. ಮಾಮೂಲಿ ಚೌಕ ನಕ್ಷೆಯಲ್ಲಿ 60 ಡಿಗ್ರಿ ಅಕ್ಷಾಂಶದ ಹತ್ತಿರದ ಜಾಗ ಅಡ್ಡಕ್ಕೆ ಎರಡು ಪಟ್ಟು ಕಾಣುತ್ತದೆ. ಧ್ರುವದ ಜಾಗ ಬೇಕಿದ್ದರೆ ಧ್ರುವವನ್ನೇ ನಡುವೆ ಇಟ್ಟ ನಕ್ಷೆ ಹುಡುಕಿ. ಮಂಗಳನ ಎತ್ತರವನ್ನು ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ಲೇಸರ್ ಬಿಟ್ಟು ಅಳೆದಿದೆ. ಚಂದ್ರನದ್ದನ್ನು 2009ರಲ್ಲಿ ಹೋದ ನಾಸಾದ ಎಲ್‌ಆರ್‌ಒ ನೌಕೆ ಅಳೆದಿದೆ. ಎರಡರ ಎತ್ತರದ ಚಿತ್ರಗಳೂ ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನ ತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ನನಗೆ ಜಾಸ್ತಿ ಇಷ್ಟವಾದ ಜಾಗ ಚಂದ್ರನ ದಕ್ಷಿಣ ಧ್ರುವದ ಶಾಕಲ್ಟನ್ ಕುಳಿ. (2023ರ ಆಗಸ್ಟ್ 23ರಂದು ನಮ್ಮ ಚಂದ್ರಯಾನ-3 ಇಳಿದದ್ದು ಇಲ್ಲಲ್ಲ. ಅದು ಇಳಿದ ಜಾಗ ಧ್ರುವದಿಂದ 600 ಕಿ.ಮೀ.ಗಿಂತ ದೂರ.) ಕುಳಿಯ ಅಗಲ 21 ಕಿ.ಮೀ., ಆಳ ಸುಮಾರು 4 ಕಿ.ಮೀ. ಅಂಚಿನ ಕೆಲವು ಜಾಗಗಳಲ್ಲಿ ವರ್ಷದ ಬಹುಪಾಲು ಬಿಸಿಲು. ತಳಕ್ಕೆ ಬಿಸಿಲೇ ಬೀಳುವುದಿಲ್ಲ. ಇಂಥ ಕತ್ತಲ ಕುಳಿಗಳಲ್ಲೇ ನೀರಿನ ಮಂಜುಗಡ್ಡೆಗಾಗಿ ಎಲ್ಲರೂ ಹುಡುಕುತ್ತಿರುವುದು. ಆಟಕ್ಕೆ ಇದಕ್ಕಿಂತ ಏನು ಬೇಕು! ಬಿಸಿಲಿನ ಕರೆಂಟು ಮೇಲೆ, ನೀರು ಕೆಳಗೆ. ಒಂದನ್ನು ಹಿಡಿದವರಿಗೆ ಇನ್ನೊಂದು ಬೇಕೇ ಬೇಕು.

ಎತ್ತರದ ಚಿತ್ರದ ಮೇಲೆ ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳನ್ನು ಎಳೆಯಿರಿ. ಒಂದು ಮನೆ ಅಂದರೆ 2 ಕಿ.ಮೀ. ಅಂತ ಇಟ್ಟರೆ ಕುಳಿ ಹತ್ತು ಮನೆ ಅಗಲ ಬರುತ್ತದೆ. ಪ್ರತಿ ಮನೆಯ ನಟ್ಟನಡುವಿನ ಎತ್ತರವನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ಆಮೇಲೆ ಅಕ್ಕಪಕ್ಕದ ಮನೆಗಳ ವ್ಯತ್ಯಾಸ ನೋಡಿ. 200 ಮೀಟರ್ ಒಳಗಿದ್ದರೆ ದಾಟಲು ಒಂದು ನಡೆ. 600ರ ತನಕ ಎರಡು. ಅದಕ್ಕಿಂತ ಜಾಸ್ತಿಯಾದರೆ ಮೂರು, ಮತ್ತು ಎರಡು ಮನೆಗಳ ನಡುವಿನ ಗೆರೆಯನ್ನು ದಪ್ಪ ಮಾಡಿ. ಕಷ್ಟವನ್ನು ಮನೆಗೆ ಬಳಿಯದೆ ಗೆರೆಗೆ ಹಾಕುವುದೇ ಇಲ್ಲಿಯ ಗುಟ್ಟು. ದಪ್ಪ ಗೆರೆಗಳ ನಡುವೆ ಎಲ್ಲೋ ಒಂದು ತೆಳು ಗೆರೆ ಉಳಿದಿರುತ್ತದೆ. ಅದೇ ನಿಮ್ಮ ದೇವಿಮನೆ ಘಟ್ಟ. ಕಾದಾಟ ಆಗುವುದು ಅಲ್ಲೇ.

ಹೆಸರುಗಳನ್ನು ಸುಮ್ನೆ ಹುಟ್ಟಿಸಬೇಡಿ, ಇರುವುದನ್ನೇ ಬಳಸಿ. ಶುಕ್ರನ ಮೇಲೆ ಲಕ್ಷ್ಮೀ ಹೆಸರಿನ ದೊಡ್ಡ ಪ್ರಸ್ಥಭೂಮಿಯೇ ಇದೆ. ಸುತ್ತ ಬೆಟ್ಟಸಾಲು, ನಡುವೆ ಬಯಲು. ನಕ್ಷೆಗೆ ಹೇಳಿ ಮಾಡಿಸಿದ ಜಾಗ.

ನಿಜವಾದ ನೆಲ ಇಬ್ಬರಿಗೂ ಸಮನಾಗಿ ಇರುವುದಿಲ್ಲ. ಶನಿಯ ಚಂದ್ರ ಟೈಟನ್‌ನಲ್ಲಿ ಮೀಥೇನ್ ಕೆರೆಗಳಿವೆ, ಆದರೆ ಹೆಚ್ಚಿನವು ಉತ್ತರದಲ್ಲೇ. ದಕ್ಷಿಣದ ಆಟಗಾರನಿಗೆ ಅಂತ ಇಲ್ಲದ ಕೆರೆ ತೋಡಬೇಡಿ. ನಮ್ಮ ಆಡು-ಹುಲಿ ಆಟ ನೋಡಿ: ಒಬ್ಬನಿಗೆ ಮೂರು ಹುಲಿ, ಇನ್ನೊಬ್ಬನಿಗೆ ಹದಿನೈದು ಆಡು. ಬಲ ಬೇರೆ ಬೇರೆ, ಆದರೂ ಆಟ ಸರಿ ನಡೆಯುತ್ತದೆ. ಹಾಗೇ ದಕ್ಷಿಣದವನಿಗೆ ಎರಡು ಕಾಯಿ ಜಾಸ್ತಿ ಕೊಡಿ, ಇಲ್ಲವೇ ಮೊದಲ ನಡೆ ಅವನದ್ದು ಅನ್ನಿ.

ಕೊನೆಗೆ ಎ-3 ಹಾಳೆಯಲ್ಲಿ ಪ್ರಿಂಟ್ ತೆಗೆದು ಆಡಿ. ಕಾಯಿಗಳಿಗೆ ಒಂದು ಕಡೆ ಅಡಿಕೆ, ಇನ್ನೊಂದು ಕಡೆ ಹುಣಸೆ ಬೀಜ ಸಾಕು. ಕಡಿಮೆ ಅಂದರೂ ಆರು ಆಟ ಆಡಿ, ಪ್ರತಿ ಸಲ ಕಡೆ ಬದಲಿಸಿ. ನಮ್ಮ ಶಾಕಲ್ಟನ್‌ನಲ್ಲಿ ಆರರಲ್ಲಿ ಐದು ಸಲ ಅಂಚಿನವರೇ ಗೆದ್ದರು. ಕುಳಿಯನ್ನು ಮುಟ್ಟಲಿಲ್ಲ, ಅವರು ಹೊರಡುವ ಜಾಗವನ್ನು ಮೂರು ಮನೆ ಹಿಂದಕ್ಕೆ ಸರಿಸಿದೆವು. ಮರುದಿನ ಊಟಕ್ಕೆ ಕರೆದರೂ ಮಕ್ಕಳು ಹಾಳೆ ಬಿಟ್ಟು ಏಳಲಿಲ್ಲ.