70 ಬಿಟ್ಟು 60ಕ್ಕೆ ಇಳಿದ ಲೆಕ್ಕ: ದೊಡ್ಡ ಬೇಟೆಗೆ ಡ್ರಾ ವೇಟ್ ಆರಿಸಿದ ನನ್ನ ಅನುಭವ

ಎಲ್ಕ್, ಮೂಸ್‌ನಂಥ ದೊಡ್ಡ ಮೈಯ ಪ್ರಾಣಿಗೆ 70 ಪೌಂಡ್‌ಗಿಂತ ಕಡಿಮೆ ಡ್ರಾ ವೇಟ್‌ನ (ಹೆದೆ ಎಳೆಯಲು ಬೇಕಾದ ಗರಿಷ್ಠ ಬಲ) ಕಾಂಪೌಂಡ್, ಅಂದರೆ ತುದಿಗಳಲ್ಲಿ ಗಾಲಿಯಿರುವ ಬಿಲ್ಲು, ಸಾಲದು ಅನ್ನುವ ಮಾತು ಬಿಲ್ಲು ಹಿಡಿದವರ ನಡುವೆ ಗಟ್ಟಿಯಾಗಿ ಬೇರೂರಿದೆ. 60ಕ್ಕೆ ಇಳಿಸುತ್ತೇನೆ ಅಂದಾಗ ಜೊತೆಯವರು ಯಾರೂ ಒಪ್ಪಲಿಲ್ಲ. ಪಕ್ಕೆಲುಬಿನಲ್ಲೇ ಬಾಣ ನಿಲ್ಲುತ್ತದೆ ಅಂದರು. ನಿಲ್ಲುವುದಿಲ್ಲ. ಪ್ರಾಣಿ ಅಡ್ಡ ನಿಂತಿದ್ದು ಏಟು ಪಕ್ಕೆಯ ನಡುವೆ ಬಿದ್ದರೆ ಬಾಣ ಆಚೆ ಬದಿಯಿಂದ ಹೊರಟು ನೆಲಕ್ಕೆ ನಾಟುತ್ತದೆ. ಆದರೆ ಬಿಲ್ಲಿನ ತೂಕ ಇಳಿಸುವ ಬೋಲ್ಟ್ ಸಡಿಲಿಸಿದ ಮಾತ್ರಕ್ಕೆ ಇದು ಕೈಗೂಡುವುದಿಲ್ಲ. ಬಿಲ್ಲು ಇಳಿಸಿದವನು ಬಾಣವನ್ನು ಮೊದಲಿಂದ ಕಟ್ಟಬೇಕು. ಇಳಿಸಿ ನೋಡಿ ಕೈಸುಟ್ಟುಕೊಂಡವರು ಬಹುತೇಕ ಹಳೆಯ ಹಗುರ ಬಾಣವನ್ನೇ ಹೂಡಿದವರು.

70ರಲ್ಲಿ ಕೆಡುವುದು ಎಲ್ಲಿ ಅಂದರೆ, ಗುರಿಯ ಮೈದಾನದಲ್ಲಿ ಅಲ್ಲ. ಅಲ್ಲಿ ಮೈ ಬಿಸಿಯಾಗಿರುತ್ತದೆ, ನಿಂತು ಎಳೆಯುತ್ತೀರಿ, ಬಿಲ್ಲನ್ನು ಒಮ್ಮೆ ಆಕಾಶಕ್ಕೆತ್ತಿ ಭುಜದ ಜೋರಿನಲ್ಲಿ ಇಳಿಸಿಕೊಂಡರೂ ಕೇಳುವವರಿಲ್ಲ. ಕಾಡಿನಲ್ಲಿ ಎರಡು ಗಂಟೆ ಚಳಿಯಲ್ಲಿ ಅಲ್ಲಾಡದೆ ಕೂತ ಮೇಲೆ ಅದೇ 70 ಬೇರೆ ತೂಕವಾಗಿಬಿಡುತ್ತದೆ. ಕೂತಲ್ಲಿಂದ ಬಿಲ್ಲೆತ್ತಿದರೆ 20 ಗಜದಲ್ಲಿರುವ ಪ್ರಾಣಿ ಆ ಚಲನೆಯನ್ನು ಕಂಡೇ ಕಾಣುತ್ತದೆ. ಎಳೆತ ಅರ್ಧಕ್ಕೆ ತಡವರಿಸುತ್ತದೆ, ಎಳೆದ ಕೈ ಮುಖಕ್ಕೆ ತಾಗಿ ನಿಲ್ಲುವ ಜಾಗ, ಅಂದರೆ ಆಂಕರ್, ಮುಂದೆ ಸರಿಯುತ್ತದೆ, ಹೆದೆ ಬಿಡುವ ಟ್ರಿಗರ್ ಒತ್ತುವ ಬದಲು ಗುದ್ದುವ ಚಟ ಹತ್ತುತ್ತದೆ. ಭುಜದ ಕೀಲು ಹಾಳಾದರೆ ಒಂದು ಋತುವೇ ಹೋಯಿತು. ಲೆಟ್-ಆಫ್ (ಪೂರ್ತಿ ಎಳೆದ ಮೇಲೆ ಹಿಡಿಯುವ ಭಾರ ಇಳಿಯುವುದು) ಇದೆಯಲ್ಲ ಅನ್ನುವವರಿಗೆ ಒಂದು ಮಾತು: 80 ಶೇಕಡಾ ಲೆಟ್-ಆಫ್‌ನಲ್ಲಿ 70ರ ಬಿಲ್ಲು 14 ಪೌಂಡ್ ಹಿಡಿಸುತ್ತದೆ, 60ರದ್ದು 12. ಹಿಡಿಯುವುದರಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಮೈ ಸೋಲುವುದು ಎಳೆತದ ಭಾರ ಅತಿ ಹೆಚ್ಚಾಗುವ ಶಿಖರ ದಾಟುವಾಗ, ಅದಕ್ಕಿಂತ ಹೆಚ್ಚಾಗಿ ಹೊಡೆಯದೆ ಹೆದೆಯನ್ನು ಮೆಲ್ಲಗೆ ವಾಪಸು ಬಿಡುವಾಗ.

ಹಾಗಾಗಿ ಸಂಖ್ಯೆ ಆರಿಸುವ ಪರೀಕ್ಷೆ ಕುರ್ಚಿಯ ಮೇಲೆ ನಡೆಯಬೇಕು. ಕೂತು ಎರಡೂ ಪಾದ ನೆಲದಿಂದ ಎತ್ತಿ ಮುಂದೆ ಚಾಚಿ, ಬಾಣ ಹೂಡಿ ಮೊನೆಯನ್ನು ಗುರಿಯ ಮೇಲೇ ಇಟ್ಟುಕೊಂಡು ಹೆದೆಯನ್ನು ನೇರ ಹಿಂದಕ್ಕೆ ಎಳೆಯಿರಿ. ಮೊನೆ ಒಂದು ಗೇಣು ಮೇಲೆ ಹೋದರೂ ಆ ತೂಕ ನಿಮ್ಮದಲ್ಲ. ಎಳೆದು 30 ಸೆಕೆಂಡ್ ಹಿಡಿದು, ಹೊಡೆಯದೆ, ಸದ್ದಾಗದಂತೆ ಹೆದೆ ಮುಂದಕ್ಕೆ ಬಿಡಿ. ಇದನ್ನು ಬೆಳಿಗ್ಗೆ ಎದ್ದ ಕೂಡಲೇ, ಕೈ ಬಿಸಿ ಮಾಡದೆ, ಬೇಟೆಗೆ ಹಾಕುವ ದಪ್ಪ ಅಂಗಿ ತೊಟ್ಟೇ ಮಾಡಬೇಕು. ಅಂಗಿಯ ತೋಳು ಹೆದೆಗೆ ತಾಗುತ್ತದೋ ಇಲ್ಲವೋ ಅನ್ನುವುದೂ ಆಗಲೇ ಗೊತ್ತಾಗುತ್ತದೆ. ಐದು ಸಲ ಒಂದೇ ಸಮನೆ ಆದರೆ ಅದು ನಿಮ್ಮ ತೂಕ. ಮೂರನೆಯದರಲ್ಲೇ ನಡುಗಿದರೆ 5 ಪೌಂಡ್ ಇಳಿಸಿ. ನನ್ನ ಬಳಗದಲ್ಲಿ 70 ಎಳೆಯುವವರನ್ನು ಈ ಕುರ್ಚಿಯ ಮೇಲೆ ಕೂರಿಸಿದ್ದೇನೆ. ಗೆದ್ದು ಎದ್ದವರು ಕಡಿಮೆ.

ಬಿಲ್ಲಿನ ಮೇಲೆ ಬರೆದ ಸಂಖ್ಯೆಯನ್ನು ನಂಬಬೇಡಿ. ಕೊಕ್ಕೆಯ ತಕ್ಕಡಿ ಹಾಕಿ ಮೆಲ್ಲಗೆ ಎಳೆದು ಶಿಖರದ ಅಂಕಿ ಮೂರು ಸಲ ಓದಿ. ಜಗ್ಗಿದರೆ ಅಂಕಿ ಸುಳ್ಳಾಗಿ ಏರುತ್ತದೆ. ತೂಗುವಾಗ ಹೆದೆ ಕೈತಪ್ಪಿದರೆ ಲಿಂಬ್ (ಬಿಲ್ಲಿನ ಬಾಗುವ ತೋಳು) ಸೀಳಬಹುದು, ಆ ಎಚ್ಚರವಿರಲಿ. ಇಳಿಸುವ ಕ್ರಮ ಹೀಗೆ: ಲಾಕ್ ಸ್ಕ್ರೂ ಮೊದಲು ಸಡಿಲಿಸಿ, ಎರಡೂ ಲಿಂಬ್ ಬೋಲ್ಟ್ ಪೂರ್ತಿ ಬಿಗಿದು ಗುರುತು ಹಾಕಿ, ಮೇಲೊಂದು ಅರ್ಧ ಸುತ್ತು, ಕೆಳಗೊಂದು ಅರ್ಧ ಸುತ್ತು ಅಂತ ಸಮವಾಗಿ ಬಿಚ್ಚುತ್ತ ಬನ್ನಿ. ಒಂದು ಪೂರ್ತಿ ಸುತ್ತಿಗೆ ಸುಮಾರು 2ರಿಂದ 3 ಪೌಂಡ್ ಇಳಿಯುತ್ತದೆ. ತಯಾರಕರು ಹೇಳಿದ ಸುತ್ತುಗಳ ಮಿತಿ ದಾಟಿದರೆ ಲಿಂಬ್ ಕಿತ್ತು ಬರಬಹುದು. 70ರ ಲಿಂಬನ್ನು 60ಕ್ಕೆ ಸಡಿಲಿಸಿದ ಬಿಲ್ಲಿಗಿಂತ, 60ರ ಲಿಂಬನ್ನು ಪೂರ್ತಿ ಬಿಗಿದ ಬಿಲ್ಲು ಚುರುಕು. ಹೊಸದು ಕೊಳ್ಳುವವರು ಇದನ್ನು ನೆನಪಿಡಿ.

ಈಗ ನನ್ನ ವಾದದ ತಿರುಳು. ನನ್ನ ಎಳೆತ ಸುಮಾರು 29 ಇಂಚು. 70ರಲ್ಲಿ 400 ಗ್ರೇನ್ (ಬಾಣ ತೂಗುವ ಸಣ್ಣ ಅಳತೆ) ಬಾಣ ಸೆಕೆಂಡಿಗೆ ಸುಮಾರು 288 ಅಡಿ ಓಡುತ್ತದೆ. ಶಕ್ತಿ 73 ಅಡಿ-ಪೌಂಡ್ ಚಿಲ್ಲರೆ, ಮೊಮೆಂಟಮ್, ಅಂದರೆ ಬಾಣದ ನೂಕು, 0.51. 60ರಲ್ಲಿ 500 ಗ್ರೇನ್ ಬಾಣ ಸುಮಾರು 244 ಅಡಿ. ಶಕ್ತಿ 66, ಮೊಮೆಂಟಮ್ 0.54. ಹತ್ತು ಪೌಂಡ್ ಇಳಿಸಿಯೂ ಬಾಣದ ನೂಕು ಹೆಚ್ಚೇ ಆಯಿತು. ಎಲ್ಕ್, ಕಾಡುಹಂದಿ, ಕಪ್ಪು ಕರಡಿಗೆ ಬಾಣದ ಕಂಪನಿ ಈಸ್ಟನ್‌ನ ಪಟ್ಟಿ ಹೇಳುವುದು 42ರಿಂದ 65 ಅಡಿ-ಪೌಂಡ್. ಆ ಪಟ್ಟಿಯ ಮೇಲಂಚನ್ನೂ 60ರ ಬಿಲ್ಲು ಮುಟ್ಟುತ್ತದೆ. ಆಫ್ರಿಕಾದ ಕೇಪ್ ಎಮ್ಮೆಗೆ ಈ ಬಿಲ್ಲು ಒಯ್ಯಬೇಡಿ, ಅದು ಬೇರೆಯೇ ವರ್ಗ.

500 ಗ್ರೇನ್ ಹೇಗೆ ಕೂಡಿತು ಅಂದರೆ: 28 ಇಂಚಿನ ಕೋಲು, ಇಂಚಿಗೆ 10 ಗ್ರೇನ್‌ನಂತೆ 280. ಮೊನೆ ಕೂರಿಸಲು ಕೋಲಿನೊಳಗೆ ಹಾಕುವ ಹಿತ್ತಾಳೆ ಇನ್‌ಸರ್ಟ್ 50. ಬೇಟೆಗೆ ಹಾಕುವ ಬ್ಲೇಡಿನ ಮೊನೆ, ಅಂದರೆ ಬ್ರಾಡ್‌ಹೆಡ್, 125. ಮೂರು ಗರಿ ಸೇರಿ 25, ಹೆದೆಗೆ ಸಿಕ್ಕಿಸುವ ಹಿಂತುದಿ ನಾಕ್ 10. ಅಂಟು, ಸುತ್ತುಪಟ್ಟಿ ಸೇರಿದರೆ 500ರ ಹತ್ತಿರ. ಮುಂಭಾರ (ತೂಕದ ನಡುಬಿಂದು ಬಾಣದ ಮಧ್ಯಕ್ಕಿಂತ ಎಷ್ಟು ಮುಂದಿದೆ ಅನ್ನುವುದು) ಶೇಕಡಾ 15ರ ಆಸುಪಾಸು. ಇಲ್ಲಿ ಹೆಚ್ಚಿನವರು ಎಡವುವುದು ಸ್ಪೈನ್‌ನಲ್ಲಿ, ಅಂದರೆ ಕೋಲಿನ ಗಡುಸಿನಲ್ಲಿ. ಬಿಲ್ಲು ಇಳಿಸಿದೆ, ಇನ್ನು ಮೆದು ಕೋಲು ಸಾಕು ಅಂದುಕೊಳ್ಳುತ್ತಾರೆ. ಮೊನೆಯಲ್ಲಿ ಭಾರ ಏರಿದರೆ ಹಾರಾಟದಲ್ಲಿ ಕೋಲು ಮೆದುವಾಗುತ್ತದೆ. ಚಾರ್ಟ್ 340 ತೋರಿಸಿದ ಕಡೆ ನಾನು ಒಂದು ಮೆಟ್ಟಿಲು ಗಡುಸಾದ 300 ಹಾಕಿದೆ. ಮೆದು ಕೋಲಿಗೆ ಅಭ್ಯಾಸದ ಮೊನೆ ಫೀಲ್ಡ್ ಪಾಯಿಂಟ್ ಸಿಕ್ಕಿಸಿದಾಗ ಎಲ್ಲ ಸರಿಯಾಗೇ ಕಾಣುತ್ತದೆ, ಬ್ರಾಡ್‌ಹೆಡ್ ಹಾಕಿದ ಕೂಡಲೇ 30 ಗಜದಲ್ಲಿ ಅಂಗೈಯಗಲ ಆಚೆ ಹೋಗುತ್ತದೆ. ಓಲಾಡುತ್ತ ಬಡಿದ ಬಾಣ ಅರ್ಧ ಶಕ್ತಿಯನ್ನು ಚರ್ಮದಲ್ಲೇ ಕಳೆದುಕೊಳ್ಳುತ್ತದೆ, ಆಗ 80 ಪೌಂಡ್ ಇದ್ದರೂ ಅಷ್ಟೆ. ನನ್ನ ಮಟ್ಟಿಗೆ ನೇರ ಹಾರುವ ಬಾಣ ಹತ್ತು ಪೌಂಡ್‌ಗೆ ಸಮ.

ಹಣದ ಮಾತು. ಒಂದು ಡಜನ್ ಕೋಲು, ಇನ್‌ಸರ್ಟ್, ಒಳ್ಳೆಯ ಉಕ್ಕಿನ ಬ್ರಾಡ್‌ಹೆಡ್ ಅರ್ಧ ಡಜನ್, ಎಲ್ಲ ಸೇರಿ ಹೊಸ ಬಿಲ್ಲಿನ ಬೆಲೆಯ ನಾಲ್ಕನೇ ಒಂದು ಭಾಗವೂ ಆಗಲಿಲ್ಲ. ವೇಗ ಬೇಕೆಂದು ಹೊಸ ಬಿಲ್ಲಿಗೆ ಸುರಿಯುವ ಬದಲು ಇಲ್ಲಿ ಖರ್ಚು ಮಾಡಿ. ಕೋಲನ್ನು ಮೊದಲು ಎರಡೋ ಮೂರೋ ಬಿಡಿಯಾಗಿ ತಂದು, ಬೇರೆ ಬೇರೆ ಸ್ಪೈನ್ ಹೊಡೆದು ನೋಡಿ, ಆಮೇಲೆ ಡಜನ್ ಕೊಳ್ಳಿ. ಡಜನ್ ಕತ್ತರಿಸಿದ ಮೇಲೆ ಸ್ಪೈನ್ ತಪ್ಪಿದರೆ ಆ ದುಡ್ಡು ವಾಪಸು ಬರುವುದಿಲ್ಲ.

ನಿಧಾನ ಬಾಣ ಬಾಗಿ ಬೀಳುತ್ತದೆ ಅನ್ನುವ ಆಕ್ಷೇಪವೇ ಎಲ್ಲರ ಬಾಯಲ್ಲೂ ಮೊದಲು ಬರುವುದು. ಲೆಕ್ಕ ಹಾಕಿ ನೋಡಿ. 30 ಗಜಕ್ಕೆ ಗುರಿ ಹಿಡಿಯುವ ಪಿನ್ ಇಟ್ಟು, ಪ್ರಾಣಿ ನಿಜಕ್ಕೂ 33ರಲ್ಲಿದ್ದರೆ 288ರ ಬಾಣ ಸುಮಾರು 2 ಇಂಚು ಕೆಳಗೆ ಬೀಳುತ್ತದೆ, 244ರದ್ದು ಸುಮಾರು 3. ಒಂದು ಇಂಚಿನ ಅಂತರ. ದೂರ ಅಳೆಯುವ ರೇಂಜ್‌ಫೈಂಡರ್ ಜೇಬಿನಲ್ಲಿರುವ ಕಾಲದಲ್ಲಿ ಈ ಒಂದು ಇಂಚಿಗಾಗಿ ಭುಜ ಮುರಿದುಕೊಳ್ಳಬೇಕಾಗಿಲ್ಲ. 40 ಗಜ ದಾಟಿದರೆ ಮಾತು ಬೇರೆ. ಅಷ್ಟು ದೂರದ ದೊಡ್ಡ ಪ್ರಾಣಿಗೆ ನಾನು ಹೊಡೆಯುವುದೂ ಇಲ್ಲ. ಬಾಣ ತಲುಪುವಷ್ಟರಲ್ಲಿ ಅದು ಒಂದು ಹೆಜ್ಜೆ ಇಟ್ಟರೆ ಹೊಟ್ಟೆಗೆ ಏಟು.

ಇದರ ನಡುವೆ ಒಂದೆರಡು ಅಡ್ಡದಾರಿಯ ಪ್ರಯೋಗಗಳೂ ಆದವು. ಎಡ್ ಆಶ್ಬಿ ಅವರ ಮೂಳೆ ಭೇದನದ ಪರೀಕ್ಷೆಗಳನ್ನು ಓದಿದವರಿಗೆ ಮೂಳೆ ಸೀಳಲು ಬೇಕಾದ ಬಾಣದ ತೂಕ 650 ಗ್ರೇನ್ ಅನ್ನುವ ಸಂಖ್ಯೆ ಗೊತ್ತೇ ಇರುತ್ತದೆ. ಅದನ್ನೂ 60ರ ಬಿಲ್ಲಿನಲ್ಲಿ ಕಟ್ಟಿ ನೋಡಿದ್ದಾಯಿತು. ವೇಗ 215ರ ಹತ್ತಿರ, ಮೊಮೆಂಟಮ್ 0.62. ಬಿಲ್ಲು ಎಷ್ಟು ಮೌನವಾಯಿತೆಂದರೆ ಅದೊಂದೇ ಕಾರಣಕ್ಕೆ ಮನಸ್ಸು ಸೋತಿತು. ಆದರೆ 40 ಗಜದಲ್ಲಿ ಅದೇ 3 ಗಜ ತಪ್ಪಿದರೆ ಸುಮಾರು 5 ಇಂಚು ಬೀಳುತ್ತದೆ. 25 ಗಜದೊಳಗಿನ ಮರದ ಮಚಾನಿಗೆ ಸರಿ, ಬಯಲಿಗೆ ಬೇಡ. ಇನ್ನೊಂದು, ಫೋಮ್ ಗುರಿಯಲ್ಲಿ ಬಾಣ ಎಷ್ಟು ಒಳಹೊಕ್ಕಿತು ಅಂತ ಅಳೆದು ಬಿಲ್ಲನ್ನು ಹೋಲಿಸುವುದು. ಇದರಿಂದ ಏನೂ ತಿಳಿಯಲ್ಲ. ಫೋಮ್ ಕೋಲನ್ನು ಕಚ್ಚಿ ಹಿಡಿಯುತ್ತದೆ, ತೆಳು ಕೋಲು ಅಲ್ಲಿ ಯಾವಾಗಲೂ ಗೆಲ್ಲುತ್ತದೆ. ಮಾಂಸ, ರಕ್ತ ಜಾರಿಸುತ್ತವೆ, ಮೂಳೆ ತಡೆಯುತ್ತದೆ. ಪ್ಲೈವುಡ್ ಹಲಗೆಗೆ ಬ್ರಾಡ್‌ಹೆಡ್ ಹೊಡೆದು ನೋಡಿದಾಗ ಮಾತ್ರ ಭಾರದ ಬಾಣ ಮುಂದೆ ಹೋದದ್ದು ಕಣ್ಣಿಗೆ ಕಂಡಿತು.

ರಿಕರ್ವ್‌ನವರಿಗೆ, ಅಂದರೆ ಗಾಲಿಯಿಲ್ಲದ, ತುದಿ ಬಾಗಿದ ಬಿಲ್ಲಿನವರಿಗೆ, ಲೆಕ್ಕ ಇನ್ನೂ ಬಿಗಿ. ಲಿಂಬ್ ಮೇಲಿನ 50 ಅನ್ನುವುದು 28 ಇಂಚು ಎಳೆತದ್ದು. 26.5 ಎಳೆಯುವವನ ಕೈಯಲ್ಲಿ ಅದು 46 ಅಷ್ಟೆ, ಇಂಚಿಗೆ ಎರಡೂವರೆ ಪೌಂಡ್‌ನಂತೆ ಇಳಿಯುತ್ತದೆ. ಅಲಾಸ್ಕಾದಲ್ಲಿ ಮೂಸ್, ಎಲ್ಕ್, ಕಂದು ಕರಡಿಗೆ 50 ಪೌಂಡ್, ಕ್ಯಾರಿಬೂ, ಕಪ್ಪು ಕರಡಿಗೆ 40 ಅಂತ ಕನಿಷ್ಠ ನಿಗದಿಯಾಗಿದೆ. ಅಲ್ಲಿ ಬಾಣ 300 ಗ್ರೇನ್‌ಗಿಂತ ಕಡಿಮೆ ಇರಕೂಡದು. ಹೊರಡುವ ಮೊದಲು ಆಯಾ ನಾಡಿನ ನಿಯಮ ಓದಿ, ನಿಮ್ಮ ಎಳೆತದಲ್ಲೇ ತೂಗಿ. 50ರ ರಿಕರ್ವ್, ಪೌಂಡಿಗೆ 10 ಗ್ರೇನ್‌ನಂತೆ 500ರ ಬಾಣವನ್ನು 170 ಅಡಿ ವೇಗದಲ್ಲಿ ಬಿಟ್ಟರೆ ಶಕ್ತಿ 32, ಮೊಮೆಂಟಮ್ 0.38. ಈ ಬಲದಲ್ಲಿ ಬಿಚ್ಚಿಕೊಳ್ಳುವ ಬ್ಲೇಡಿನ ಮೆಕ್ಯಾನಿಕಲ್ ಮೊನೆಯನ್ನು ಮುಟ್ಟಲೇಬೇಡಿ, ಬ್ಲೇಡ್ ತೆರೆಯಲಿಕ್ಕೇ ಶಕ್ತಿ ಹೋಗುತ್ತದೆ. ಸ್ಥಿರವಾದ ಎರಡು ಬ್ಲೇಡ್, ಅಗಲದ ಮೂರರಷ್ಟು ಉದ್ದ, 20 ಗಜದೊಳಗೆ, ಅಡ್ಡ ನಿಂತ ಅಥವಾ ತುಸು ಆಚೆ ತಿರುಗಿದ ಪ್ರಾಣಿಗೆ ಮಾತ್ರ. ಬೆರಳಿನಿಂದ ಬಿಡುವ ಬಲಗೈಯವರು ಗರಿಯಿಲ್ಲದ ಕೋಲು ಹೊಡೆದು ನೋಡಬೇಕು: ಗರಿಯ ಬಾಣಕ್ಕಿಂತ ಬಲಕ್ಕೆ ಬಿದ್ದರೆ ಸ್ಪೈನ್ ಮೆದು, ಎಡಕ್ಕೆ ಬಿದ್ದರೆ ಗಡುಸು.

ಬ್ಲೇಡಿನ ಅಂಚಿಗೆ ಕಲ್ಲಿನ ಮೇಲೆ ಕೊನೆಯದಾಗಿ ಕೊಡುವ ಕೋನ, ಮತ್ತು ಇನ್‌ಸರ್ಟನ್ನು ತಿರುಗಿಸಿ ಕೂರಿಸುವ ಬಗೆ, ಇವೆರಡನ್ನು ಇಲ್ಲಿ ಬರೆಯುವುದಿಲ್ಲ. ಅವು ಕೈಗೆ ಬರಲು ನನಗೆ ಬಹಳ ಬ್ಲೇಡು ಸವೆದಿವೆ. ಮುಂಗೈಯ ಕೂದಲು ಬೋಳಿಸದ ಬ್ಲೇಡ್ ಬತ್ತಳಿಕೆಗೆ ಹೋಗಕೂಡದು ಅನ್ನುವಷ್ಟು ಹೇಳಬಲ್ಲೆ.

ಬೋಲ್ಟ್ ತಿರುಗಿಸಿದ ಪ್ರತಿ ಸಲವೂ ಕ್ಯಾಮ್ ಟೈಮಿಂಗ್ (ಗಾಲಿಗಳು ಒಟ್ಟಿಗೆ ತಿರುಗುವುದು), ನಾಕ್ ಎತ್ತರ, ಪಿನ್‌ಗಳು, ಮೂರನ್ನೂ ಮತ್ತೆ ನೋಡಬೇಕು. ಹೊಸ ಹೆದೆ ಮತ್ತು ಕೇಬಲ್ ಹಾಕಿದ ಮೇಲೆ ನೂರಿನ್ನೂರು ಬಾಣ ಹೊಡೆಯುವಷ್ಟರಲ್ಲಿ ಅವು ತುಸು ಹಿಗ್ಗಿ ತೂಕ ಅತ್ತಿತ್ತ ಆಗುತ್ತದೆ. ಬೇಟೆಗೆ ಎರಡು ವಾರ ಮುಂಚೆ ಇನ್ನೊಮ್ಮೆ ತಕ್ಕಡಿಗೆ ಹಾಕಿ, ಬ್ರಾಡ್‌ಹೆಡ್ ಸಿಕ್ಕಿಸಿಕೊಂಡೇ 30 ಗಜದಲ್ಲಿ ಹೊಡೆದು ನೋಡಿ.