ಮೊಬೈಲ್‌ನಲ್ಲೇ ವಿಆರ್ ಪಾಠ ಮಾಡುವುದು ಹೇಗೆ?
ವಿಆರ್ (ವರ್ಚುವಲ್ ರಿಯಾಲಿಟಿ) ಎಂದರೆ ದೃಶ್ಯದೊಳಗೇ ಇದ್ದು ಸುತ್ತಲೂ ನೋಡಿದಂತೆ ಅನಿಸುವ ಅನುಭವ; ಫೋನನ್ನು ಎರಡು ಲೆನ್ಸ್‌ಗಳಿರುವ ಕಾರ್ಡ್‌ಬೋರ್ಡ್ ಪೆಟ್ಟಿಗೆಯೊಳಗಿಟ್ಟು ಕಣ್ಣಿಗೆ ಹಿಡಿದು ನೋಡಬೇಕು. ಮೊದಲು ಫೋನಿನಲ್ಲಿ ಜೈರೋಸ್ಕೋಪ್ (ಫೋನ್ ತಿರುಗಿದ್ದನ್ನು ಗುರುತಿಸುವ ಸೆನ್ಸರ್) ಇದೆಯೇ ನೋಡಿ. ಯೂಟ್ಯೂಬ್ ಆ್ಯಪ್‌ನಲ್ಲಿ ಒಂದು 360 ಡಿಗ್ರಿ ವಿಡಿಯೋ ಹಾಕಿ ಫೋನನ್ನು ಸುತ್ತಲೂ ತಿರುಗಿಸಿ. ದೃಶ್ಯ ಜೊತೆಗೆ ತಿರುಗದಿದ್ದರೆ ಆ ಫೋನ್ ಈ ಕೆಲಸಕ್ಕೆ ಬಾರದು. ಅಗ್ಗದ ಫೋನ್‌ಗಳು ಕೈಕೊಡುವುದು ಇಲ್ಲೇ.

ತರಗತಿಗಳಿಗಾಗಿ ಇದ್ದ ವಿಆರ್ ಆ್ಯಪ್ ಗೂಗಲ್ ಎಕ್ಸ್‌ಪೆಡಿಷನ್ಸ್ 2021ರಲ್ಲೇ ನಿಂತುಹೋಗಿದೆ, ಹುಡುಕುತ್ತಾ ಕೂರಬೇಡಿ. ಸೌರಮಂಡಲಕ್ಕೆ, ಹೃದಯದ ಪಾಠಕ್ಕೆ ಯೂಟ್ಯೂಬೇ ಸಾಕು.

ಫೋನಿನ ಕವರ್ ತೆಗೆಯಿರಿ, ನೋಟಿಫಿಕೇಶನ್ ಬಂದ್ ಮಾಡಿ, ವಿಡಿಯೋದ ಗುಣಮಟ್ಟವನ್ನು (ಕ್ವಾಲಿಟಿ) 1440 ಅಥವಾ 2160ಕ್ಕೆ ಏರಿಸಿ. ಪರದೆಯಲ್ಲಿ ಕಾಣುವುದು ಇಡೀ ದೃಶ್ಯದ ಒಂದು ತುಣುಕಷ್ಟೇ; 720ರಲ್ಲಿ ಅದು ಬರೀ ಮಸುಕು. ವಿಆರ್ ಕನ್ನಡಕದ ಗುರುತು ಒತ್ತಿದರೆ ಚಿತ್ರ ಎರಡಾಗುತ್ತದೆ. ನಡುವಿನ ಗೆರೆ ಕಾರ್ಡ್‌ಬೋರ್ಡ್ ಪೆಟ್ಟಿಗೆಯ ಎರಡು ಲೆನ್ಸ್‌ಗಳ ಸರಿಮಧ್ಯಕ್ಕೆ ಬರಬೇಕು. ತುಸು ಸರಿದರೂ ಮಗುವಿಗೆ ಎಲ್ಲ ಎರಡೆರಡಾಗಿ ಕಾಣುತ್ತದೆ.

ಮಕ್ಕಳನ್ನು ಕೂರಿಸಿಯೇ ತೋರಿಸಿ. ಒಬ್ಬರಿಗೆ 3 ನಿಮಿಷ ಸಾಕು. ಕ್ಯಾಮೆರಾ ಓಡುವ ವಿಡಿಯೋ ಬೇಡ: ಕಣ್ಣಿಗೆ ಓಟ ಕಾಣುತ್ತದೆ, ಒಳಗಿವಿಗೆ ಅದು ಗೊತ್ತಾಗುವುದಿಲ್ಲ, ತಲೆ ಸುತ್ತುವುದು ಅದಕ್ಕೇ. ಹಾಗಾದರೆ ತಕ್ಷಣ ಪೆಟ್ಟಿಗೆ ತೆಗೆಸಿ. ಪ್ರತಿ ಮಗುವಿನ ನಂತರ ಲೆನ್ಸನ್ನು ಒಣ ಹತ್ತಿಬಟ್ಟೆಯಿಂದ ಒರೆಸಿ. ಫೋನ್ ಬಿಸಿಯಾದರೆ ಅದಕ್ಕೂ ಸ್ವಲ್ಪ ಬಿಡುವು ಕೊಡಿ.